ಪೈಪ್ ತಂಬಾಕಿನ ಕಟ್: ನಿಮ್ಮ ಕೈಗೂ ಪೈಪಿಗೂ ಹೊಂದುವುದನ್ನು ಗುರುತಿಸುವ ಬಗೆ

ಕ್ಯಾಪ್‌ಸ್ಟನ್ ಎಂಬ ಹಳೆಯ ವರ್ಜೀನಿಯಾ ತಂಬಾಕು ಎರಡು ರೂಪದಲ್ಲಿ ಮಾರಾಟವಾಗಿದೆ. ಒಂದು ಡಬ್ಬಿಯಲ್ಲಿ ಒತ್ತಿ ಕೊಯ್ದ ತೆಳುವಾದ ಪಟ್ಟಿಗಳು, ಅಂದರೆ ಫ್ಲೇಕ್. ಇನ್ನೊಂದರಲ್ಲಿ ಅದೇ ಫ್ಲೇಕನ್ನು ಕಾರ್ಖಾನೆಯಲ್ಲೇ ಬಿಡಿಸಿ ತುಂಬಿದ ರೆಡಿ ರಬ್ಡ್. ಎಲೆ ಒಂದೇ, ಮಿಶ್ರಣವೂ ಒಂದೇ. ಆದರೆ ರೆಡಿ ರಬ್ಡ್ ಬೇಗ ಹೊತ್ತಿಕೊಂಡು ಚುರುಕಾಗಿ ಮುಗಿಯುತ್ತದೆ. ಫ್ಲೇಕ್ ಎರಡು ಮೂರು ಬೆಂಕಿಕಡ್ಡಿ ಖರ್ಚು ಮಾಡಿಸಿ, ಆಮೇಲೆ ನಿಧಾನವಾಗಿ, ಮಂದವಾಗಿ ಸವೆಯುತ್ತದೆ. ಕಟ್, ಅಂದರೆ ಎಲೆಯನ್ನು ಕೊಯ್ದು ಸಿದ್ಧಪಡಿಸಿದ ರೂಪ, ತರುವ ವ್ಯತ್ಯಾಸ ಇಷ್ಟು.

ಎಲೆಯ ಎಷ್ಟು ಮೈ ಗಾಳಿಗೆ ತೆರೆದಿದೆ, ತುಣುಕುಗಳ ನಡುವೆ ಎಷ್ಟು ಸಂದು ಉಳಿದಿದೆ, ಒಳಗಿನ ತೇವ ಎಷ್ಟು ಬೇಗ ಹೊರಬರುತ್ತದೆ: ಈ ಮೂರನ್ನು ಕಟ್ ನಿರ್ಧರಿಸುತ್ತದೆ. ಹೊಗೆಯ ಬಿಸಿ, ನಾಲಿಗೆಗೆ ತಗಲುವ ಉರಿ, ಪೈಪ್ ಎಷ್ಟು ಸಲ ಆರಿಹೋಗುತ್ತದೆ ಎಂಬುದೆಲ್ಲ ಇವುಗಳಿಂದಲೇ ಬರುತ್ತದೆ. ಹಾಗಾಗಿ ‘ನನಗೆ ಫ್ಲೇಕ್ ಆಗುವುದಿಲ್ಲ’ ಎನ್ನುವವರಿಗೆ ಎಷ್ಟೋ ಸಲ ಆಗದಿರುವುದು ಫ್ಲೇಕ್ ಅಲ್ಲ, ಒಣಗಿಸದೆ ತುಂಬಿದ ಫ್ಲೇಕ್.

ಕೊಳ್ಳುವ ಮುಂಚೆಯೇ ತಿಳಿದಿರಬೇಕಾದ ಸಂಗತಿ ಒಂದಿದೆ. ಕಟ್‌ಗಳ ದಾರಿ ಒಮ್ಮುಖ. ಪ್ಲಗ್ಗನ್ನು, ಅಂದರೆ ಒತ್ತಿದ ಎಲೆಯ ಇಡೀ ಗಟ್ಟಿಯನ್ನು, ಕೊಯ್ದು ಫ್ಲೇಕ್ ಮಾಡಬಹುದು, ಫ್ಲೇಕನ್ನು ಉಜ್ಜಿ ಎಳೆ ಮಾಡಬಹುದು, ಎಳೆಯನ್ನು ಪುಡಿ ಮಾಡಬಹುದು. ಪುಡಿಯಾದದ್ದು ಮತ್ತೆ ಎಳೆಯಾಗುವುದಿಲ್ಲ. ಯಾವ ಕಟ್ ಇಷ್ಟ ಎಂದು ಇನ್ನೂ ಗೊತ್ತಿಲ್ಲದವರು ಫ್ಲೇಕ್ ಕೊಳ್ಳುವುದು ಜಾಣತನ ಎಂದು ನಾವು ಹೇಳುವುದು ಇದಕ್ಕೇ. ಒಂದೇ ಡಬ್ಬಿಯಿಂದ ನಾಲ್ಕು ಕಟ್‌ಗಳನ್ನು ಸೇದಿ ನೋಡಬಹುದು.

ಯಾವುದು ಯಾವುದು

ಶ್ಯಾಗ್ ಎಲ್ಲಕ್ಕಿಂತ ಸಣ್ಣ ಎಳೆ, ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ಕಡ್ಡಿ ತೋರಿಸಿದೊಡನೆ ಹೊತ್ತುತ್ತದೆ, ಗಮನ ತಪ್ಪಿದರೆ ಬಟ್ಟಲು, ಅಂದರೆ ಪೈಪಿನಲ್ಲಿ ತಂಬಾಕು ತುಂಬುವ ಭಾಗ, ಕಾದುಹೋಗುತ್ತದೆ. ಸಣ್ಣ ಬಟ್ಟಲಿಗೆ, ಹತ್ತು ಹದಿನೈದು ನಿಮಿಷದ ಬಿಡುವಿಗೆ ಸರಿ.

ರಿಬ್ಬನ್ ಒಂದರಿಂದ ಮೂರು ಮಿಲಿಮೀಟರ್ ಅಗಲದ ಉದ್ದ ಎಳೆ. ಹೊಗೆಯಲ್ಲಿ ಹದಗೊಳಿಸಿದ ಲಟಾಕಿಯಾ ಮತ್ತು ಸಣ್ಣ ಎಲೆಯ, ಪರಿಮಳದ ಓರಿಯೆಂಟಲ್ ತಂಬಾಕು ಬೆರೆತ ಇಂಗ್ಲಿಷ್ ಶೈಲಿಯ ಮಿಶ್ರಣಗಳು ಹೆಚ್ಚಾಗಿ ಈ ರೂಪದಲ್ಲೇ ಬರುತ್ತವೆ. ಒಂದೊಂದು ಎಲೆಯ ಗುಣ ಪ್ರತ್ಯೇಕವಾಗಿ ಗೊತ್ತಾಗಬೇಕು ಎನ್ನುವ ಮಿಶ್ರಣಕ್ಕೆ ಒತ್ತದೆ ಬಿಟ್ಟ ಎಳೆಯೇ ಅನುಕೂಲ. ಎಳೆಗಳ ಅಗಲ ಬೇರೆ ಬೇರೆಯಾಗಿದ್ದು ನಡುವೆ ದಪ್ಪ ಚೂರುಗಳೂ ಸೇರಿದ್ದರೆ ಅದನ್ನು ಮಿಕ್ಸ್ಚರ್ ಅಥವಾ ವೈಲ್ಡ್ ಕಟ್ ಎನ್ನುತ್ತಾರೆ.

ಕ್ರಿಂಪ್ ಕಟ್ ಸುಕ್ಕುಗಟ್ಟಿದ ಸಣ್ಣ ತುಣುಕು. ಆರ್. ಜೆ. ರೆನಾಲ್ಡ್ಸ್ ಕಂಪನಿ 1907ರಲ್ಲಿ ತಂದ ಪ್ರಿನ್ಸ್ ಆಲ್ಬರ್ಟ್ ಇದಕ್ಕೆ ಹೆಸರಾದ ಉದಾಹರಣೆ. ಅದರ ಡಬ್ಬಿಯ ಮೇಲೇ ಕ್ರಿಂಪ್ ಕಟ್ ಎಂದು ಅಚ್ಚಾಗಿರುತ್ತಿತ್ತು. ಸುಕ್ಕು ಇರುವುದರಿಂದ ತುಣುಕುಗಳು ಒಂದಕ್ಕೊಂದು ಅಂಟಿ ಕೂರುವುದಿಲ್ಲ, ಗಾಳಿಗೆ ತಾನಾಗಿ ಸಂದು ಉಳಿಯುತ್ತದೆ. ಹೊಸಬರ ತಪ್ಪುಗಳನ್ನು ಇದು ಬಹಳಷ್ಟು ಕ್ಷಮಿಸುತ್ತದೆ.

ಕ್ಯೂಬ್ ಕಟ್ ಎರಡು ಮೂರು ಮಿಲಿಮೀಟರಿನ ಘನ ಚೂರು, ಹೆಚ್ಚಾಗಿ ಬರ್ಲಿ ಎಂಬ ತಂಬಾಕು ತಳಿಯ ಎಲೆಯದು. ಬರ್ಲಿಯಲ್ಲಿ ಸಕ್ಕರೆಯ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದರ ಜೊತೆಗೆ ಚೂರೂ ದಪ್ಪ, ಹಾಗಾಗಿ ಎಲ್ಲ ಕಟ್‌ಗಳಿಗಿಂತ ತಣ್ಣಗೆ ಉರಿಯುತ್ತದೆ. ಒಂದೇ ಕೊರತೆ: ಹೊತ್ತಿಸುವುದು ಹಟಮಾರಿ ಕೆಲಸ.

ಫ್ಲೇಕ್ ಎಂದರೆ ಎಲೆಗಳನ್ನು ಪದರಪದರವಾಗಿ ಒಟ್ಟಿ, ಭಾರ ಮತ್ತು ಶಾಖದಲ್ಲಿ ಒತ್ತಿ, ಆ ಗಟ್ಟಿಯನ್ನು ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಕೊಯ್ದದ್ದು. ವರ್ಜೀನಿಯಾ ಎಲೆ ಹೆಚ್ಚಾಗಿ ಈ ರೂಪಕ್ಕೆ ಬರುವುದಕ್ಕೆ ಕಾರಣವಿದೆ. ಅದರಲ್ಲಿ ಸಕ್ಕರೆ ಹೆಚ್ಚು. ಸಣ್ಣ ಎಳೆಯಾಗಿ ಆತುರದಲ್ಲಿ ಸೇದಿದರೆ ನಾಲಿಗೆ ಸುಡುತ್ತದೆ. ಒತ್ತುವಾಗ ಎಲೆಗಳ ರಸ ಒಂದರೊಳಗೊಂದು ಬೆರೆಯುತ್ತದೆ, ಗಟ್ಟಿಯಾದ ಪಟ್ಟಿ ನಿಧಾನವಾಗಿ ಉರಿಯುತ್ತದೆ, ಉರಿಯ ಮೊನೆ ಮುರಿಯುತ್ತದೆ. ಅರ್ಧ ಬಿಡಿಸಿದ್ದು ಬ್ರೋಕನ್ ಫ್ಲೇಕ್, ಪೂರ್ತಿ ಬಿಡಿಸಿದ್ದು ರೆಡಿ ರಬ್ಡ್. ಎರಡರ ನಡುವಿನ ಗೆರೆಯನ್ನು ಒಬ್ಬೊಬ್ಬ ತಯಾರಕರು ಒಂದೊಂದು ಕಡೆ ಎಳೆಯುತ್ತಾರೆ, ಡಬ್ಬಿಯ ಮೇಲಿನ ಹೆಸರನ್ನು ಅಷ್ಟಾಗಿ ನಂಬಬೇಡಿ.

ಬಿಲ್ಲೆ, ಅಂದರೆ ಕಾಯಿನ್ ಅಥವಾ ಕರ್ಲಿ ಕಟ್: ಹುರಿಯಂತೆ ಹೊಸೆದ ತಂಬಾಕನ್ನು ಅಡ್ಡಕ್ಕೆ ತೆಳುವಾಗಿ ಕೊಯ್ದರೆ ಸುರುಳಿ ಸುರುಳಿಯ ದುಂಡು ಬಿಲ್ಲೆ ಸಿಗುತ್ತದೆ. ವರ್ಜೀನಿಯಾ ಮತ್ತು ಒತ್ತಡದಲ್ಲಿ ಹುದುಗಿಸಿದ ಪೆರೀಕ್ ಎಲೆ ಬೆರೆತ ಎಸ್ಕುಡೊ ಇದರಲ್ಲಿ ಬಲ್ಲವರೆಲ್ಲ ಬಲ್ಲ ಹೆಸರು.

ಕ್ರಂಬಲ್ ಕೇಕ್ ಮೊದಲೇ ಎಳೆ ಮಾಡಿದ ತಂಬಾಕನ್ನು ಮತ್ತೆ ಒತ್ತಿದ ಗಟ್ಟಿ. ಹೆಬ್ಬೆರಳಲ್ಲಿ ಒತ್ತಿದರೆ ಉದುರುತ್ತದೆ. ಪ್ಲಗ್ ಇಡೀ ಎಲೆಯ ಗಟ್ಟಿ, ಕೊಯ್ಯಲು ಹರಿತವಾದ ಚಾಕು ಬೇಕೇ ಬೇಕು. ಹುರಿ, ಅಂದರೆ ರೋಪ್ ಅಥವಾ ಟ್ವಿಸ್ಟ್, ಹೊಸೆದ ಹಗ್ಗವೇ. ಇಂಗ್ಲೆಂಡಿನ ಕೆಂಡಲ್ ಪಟ್ಟಣದ ಗಾವಿತ್ ಮನೆತನದ ಕಂಪನಿಗಳು ಈ ಬಗೆಗೆ ಹೆಸರಾದವು. ಹುರಿಯಲ್ಲಿ ನಿಕೋಟಿನ್ ಬಲು ಜೋರು. ಅದರ ಮಾತು ಮುಂದೆ ಬರುತ್ತದೆ.

ಕ್ಯಾವೆಂಡಿಷ್ ಈ ಪಟ್ಟಿಯಲ್ಲಿಲ್ಲ, ಏಕೆಂದರೆ ಅದು ಕಟ್ ಅಲ್ಲ. ಎಲೆಗೆ ಸಿಹಿ ಸೇರಿಸಿ, ಹಬೆಯಲ್ಲಿ ಬೇಯಿಸಿ, ಒತ್ತಿ ಹದಗೊಳಿಸುವ ವಿಧಾನದ ಹೆಸರದು. ಆಮೇಲೆ ಅದನ್ನು ಯಾವ ಕಟ್‌ಗೆ ಬೇಕಾದರೂ ಇಳಿಸಬಹುದು.

ಬೇಕಾದ ಸಾಮಾನು

ಟ್ಯಾಂಪರ್, ಅಂದರೆ ಬಟ್ಟಲಿನ ತಂಬಾಕನ್ನು ಒತ್ತುವ ಸಾಧನ; ಅದರಲ್ಲೇ ಕಡ್ಡಿಯಂಥ ಚುಚ್ಚು ಇದ್ದರೆ ಒಳ್ಳೆಯದು. ಪೈಪ್ ಕ್ಲೀನರ್. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ. ಅಭ್ಯಾಸವಾಗುವ ತನಕ ಮಾತ್ರ. ಒಣಗಿಸಲು ಬಿಳಿ ಕಾಗದ ಅಥವಾ ಅಗಲವಾದ ತಟ್ಟೆ. ಪ್ಲಗ್ ಮತ್ತು ಹುರಿ ಕೊಳ್ಳುವವರಿಗೆ ಹರಿತವಾದ ಚಾಕು ಮತ್ತು ಮರದ ಮಣೆ. ಹುರಿಗೆ ಸಿಗಾರ್ ಕತ್ತರಿಸುವ ಕಟ್ಟರ್ ಕೂಡ ಚೆನ್ನಾಗಿ ಒದಗುತ್ತದೆ.

ಬೆಂಕಿಗೆ ಕಡ್ಡಿ ಅಥವಾ ಮೆತ್ತಗಿನ ಜ್ವಾಲೆಯ ಲೈಟರ್. ಜೆಟ್ ಲೈಟರ್ ಬೇಡ. ಬಟ್ಟಲಿನ ಅಂಚು ಕರಕಲಾದ ಮೇಲೆ ಏನು ಮಾಡಿದರೂ ಮೊದಲಿನಂತಾಗುವುದಿಲ್ಲ.

ಮೊದಲು ತೇವ, ಆಮೇಲೆ ಕಟ್

ಕಟ್‌ಗಳನ್ನು ಹೋಲಿಸಲು ಹೊರಟವರು ಎಡವುವುದು ಇಲ್ಲೇ. ಡಬ್ಬಿಯಿಂದ ತೆಗೆದ ಫ್ಲೇಕ್ ಒದ್ದೆ, ಪಕ್ಕದ ರಿಬ್ಬನ್ ಒಣ. ಹಾಗೇ ಸೇದಿ ‘ರಿಬ್ಬನ್ನೇ ಮೇಲು’ ಎಂದರೆ ಹೋಲಿಸಿದ್ದು ನೀರನ್ನು, ಕಟ್‌ಗಳನ್ನಲ್ಲ. ಸೇದಲು ಹಿತವಾದ ತೇವ ಸುಮಾರು ಶೇ. 12ರಿಂದ 14. ಹೊಸ ಡಬ್ಬಿಯಲ್ಲಿ ಅದಕ್ಕಿಂತ ಹೆಚ್ಚಿರುವುದೇ ವಾಡಿಕೆ. ಸ್ಯಾಮುಯೆಲ್ ಗಾವಿತ್ ಕಂಪನಿಯ ಫುಲ್ ವರ್ಜೀನಿಯಾ ಫ್ಲೇಕಿನಂಥವು ದಪ್ಪವಾಗಿ, ಒದ್ದೆಯಾಗಿಯೇ ಬರುತ್ತವೆ.

ತೇವ ನೋಡಲು ಉಪಕರಣ ಬೇಡ, ಎರಡು ಬೆರಳು ಸಾಕು. ಬಿಡಿಸಿದ ತಂಬಾಕನ್ನು ಒಂದು ಚಿಟಿಕೆ ಹಿಡಿದು ಗಟ್ಟಿಯಾಗಿ ಹಿಸುಕಿ ಬಿಡಿ. ಉಂಡೆಯಾಗಿ ಹಾಗೇ ಕೂತರೆ ಇನ್ನೂ ಒದ್ದೆ. ಮೆಲ್ಲಗೆ ಅರಳಿ ಬಿಡಿಬಿಡಿಯಾದರೆ ಹದ. ಚಟಚಟ ಸದ್ದಾಗಿ ಪುಡಿ ಉದುರಿದರೆ ಹೆಚ್ಚು ಒಣಗಿದೆ. ಪರಿಮಳ ಸೇರಿಸಿದ ಮಿಶ್ರಣಗಳಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ. ಅವುಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇರುವುದುಂಟು, ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಹರಡಿದರೂ ಕೈಗೆ ಜಿಗುಟಾಗಿಯೇ ಇರುತ್ತದೆ. ಅಂಥದನ್ನು ಒಂದು ಗಂಟೆ ಹರಡಿಟ್ಟು, ಬೆರಳಿನ ಮಾತು ಕೇಳದೆ ತುಂಬಿಬಿಡಿ.

ಒಣಗಿಸುವ ಹೊತ್ತು ಕಟ್‌ಗೆ ತಕ್ಕಂತೆ ಬೇರೆ. ಶ್ಯಾಗ್ ಐದರಿಂದ ಹತ್ತು ನಿಮಿಷ. ತೆಳುವಾಗಿ ಹರಡಿದ ರಿಬ್ಬನ್ ಹದಿನೈದರಿಂದ ಮೂವತ್ತು. ಉಜ್ಜಿದ ಫ್ಲೇಕ್ ಅರ್ಧ ಗಂಟೆಯಿಂದ ಒಂದು ಗಂಟೆ. ಉಜ್ಜದ ಇಡೀ ಫ್ಲೇಕಿಗೆ ಎರಡು ಗಂಟೆಯೂ ಸಾಲದೆ ಹೋಗಬಹುದು, ಏಕೆಂದರೆ ಮೇಲ್ಮೈ ಒಣಗಿದರೂ ಪದರಗಳ ಒಳಗೆ ತೇವ ಕೂತಿರುತ್ತದೆ. ಹುರಿಯ ಬಿಲ್ಲೆಗಳನ್ನು ರಾತ್ರಿ ಹರಡಿಟ್ಟು ಬೆಳಿಗ್ಗೆ ತುಂಬುವವರೂ ಇದ್ದಾರೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಈ ಲೆಕ್ಕವೆಲ್ಲ ದುಪ್ಪಟ್ಟಾಗುತ್ತದೆ. ಬಿಸಿಲಿಗೂ ಒಲೆಯ ಬಿಸಿಗೂ ಇಡಬೇಡಿ, ಪರಿಮಳ ಹಾರಿಹೋಗುತ್ತದೆ.

ಮಿತಿಮೀರಿ ಒಣಗಿದ್ದನ್ನು ಮರಳಿ ಹದಕ್ಕೆ ತರಲು ಅಗಲ ಬಾಯಿಯ ಪಾತ್ರೆಯಲ್ಲಿ ಹಾಕಿ, ಹಿಂಡಿದ ಒದ್ದೆ ಬಟ್ಟೆಯನ್ನು ತಂಬಾಕಿಗೆ ತಾಗದಂತೆ ಬಾಯಿಗೆ ಕಟ್ಟಿ, ಗಂಟೆಗೊಮ್ಮೆ ಕೈಯಾಡಿಸಿ ನೋಡಿ. ಸೇಬಿನ ಹೋಳು ಹಾಕುವ ಹಳೆಯ ಸಲಹೆಯನ್ನು ಮರೆತುಬಿಡಿ. ತೇವದ ಜೊತೆ ಬೂಷ್ಟೂ ಬರುತ್ತದೆ.

ತುಂಬುವುದು

ಮುಂದಿನ ಅಳತೆಗಳೆಲ್ಲ ಸಾಧಾರಣ ಬಟ್ಟಲಿಗೆ, ಅಂದರೆ ಒಳ ವ್ಯಾಸ 19ರಿಂದ 20 ಮಿ.ಮೀ., ಆಳ ಸುಮಾರು 40 ಮಿ.ಮೀ. ಇರುವುದಕ್ಕೆ. ಅದಕ್ಕೆ ಎಳೆ ತಂಬಾಕು ಎರಡು ಗ್ರಾಂ ಆಸುಪಾಸು ಹಿಡಿಯುತ್ತದೆ, ಮಡಚಿದ ಫ್ಲೇಕ್ ಅದಕ್ಕಿಂತ ಅರ್ಧ ಗ್ರಾಂನಷ್ಟು ಹೆಚ್ಚು.

ಎಲ್ಲ ಕಟ್‌ಗಳಿಗೂ ಪರೀಕ್ಷೆ ಒಂದೇ. ತುಂಬಿದ ಮೇಲೆ, ಹೊತ್ತಿಸುವ ಮುಂಚೆ, ಒಮ್ಮೆ ಬರಿದೇ ಎಳೆದು ನೋಡಿ. ಸ್ಟ್ರಾದಲ್ಲಿ ನೀರು ಹೀರುವಷ್ಟು ತಡೆ ಇರಬೇಕು. ಗಾಳಿ ಸಲೀಸಾಗಿ ಬಂದರೆ ಸಡಿಲ, ಕೆನ್ನೆ ಒಳಕ್ಕೆ ಹೋದರೆ ಬಿಗಿ. ಬಿಗಿಯಾಗಿದ್ದರೆ ಮೇಲೆ ಕೆದಕಿ ಸರಿಮಾಡಲು ಹೋಗಬೇಡಿ, ಸುರಿದು ಮೊದಲಿನಿಂದ ತುಂಬಿ. ಒಂದು ನಿಮಿಷದ ಕೆಲಸಕ್ಕೆ ಬೇಸರಪಟ್ಟರೆ ಮುಕ್ಕಾಲು ಗಂಟೆ ಹೆಣಗಾಡಬೇಕಾಗುತ್ತದೆ.

ರಿಬ್ಬನ್ನಿಗೆ ಮೂರು ಹಂತದ ಹಳೆಯ ಕ್ರಮವೇ ಸಾಕು. ಬಟ್ಟಲಿನ ತುಂಬ ಉದುರಿಸಿ, ಮಗುವಿನ ಕೈಯಷ್ಟು ಹಗುರವಾಗಿ ಅರ್ಧದವರೆಗೆ ಒತ್ತಿ. ಮತ್ತೆ ತುಂಬ ಉದುರಿಸಿ, ಹೆಂಗಸಿನ ಕೈಯಷ್ಟು ಒತ್ತಿ ಮುಕ್ಕಾಲಿಗೆ ತನ್ನಿ. ಮೂರನೆಯ ಸಲ ಉದುರಿಸಿ, ಗಂಡಸಿನ ಕೈಯಷ್ಟು ಒತ್ತಿ ಅಂಚಿನಿಂದ ಮೂರು ಮಿ.ಮೀ. ಕೆಳಗೆ ನಿಲ್ಲಿಸಿ. ಮಾತು ಹಳೆಯ ಕಾಲದ್ದು, ತತ್ವ ಸರಿಯಾಗಿದೆ: ಕೆಳಗೆ ಸಡಿಲ, ಮೇಲೆ ಬಿಗಿ. ಸೇದುತ್ತ ಹೋದಂತೆ ಬೂದಿಯೂ ಟ್ಯಾಂಪರೂ ಕೆಳಗಿನದನ್ನು ಹೇಗೂ ಬಿಗಿ ಮಾಡುತ್ತವೆ. ಶ್ಯಾಗ್ ಆದರೆ ಇದೇ ಕ್ರಮದಲ್ಲಿ ತುಸು ಹೆಚ್ಚು ಬಿಗಿ ಇರಲಿ. ಕ್ಯೂಬ್ ಆದರೆ ಒತ್ತಲೇ ಬೇಡಿ. ಬಟ್ಟಲಿಗೆ ಸುರಿದು ಪೈಪಿನ ಮಗ್ಗುಲನ್ನು ಬೆರಳಿಂದ ತಟ್ಟಿ, ಚೂರುಗಳು ತಾವಾಗಿ ಕೂರಲಿ. ಮೇಲೊಂದು ಚಿಟಿಕೆ ಸಣ್ಣ ಎಳೆ ಹರಡಿದರೆ ಹೊತ್ತಿಸುವ ತಾಪತ್ರಯ ಅರ್ಧ ಕಡಿಮೆ.

ಫ್ಲೇಕಿಗೆ ಬರೋಣ. ದಾರಿಗಳು ಹಲವು, ಯಾವುದು ನಿಮ್ಮದು ಎಂಬುದೇ ಈ ಲೇಖನದ ತಿರುಳು.

ಪೂರ್ತಿ ಉಜ್ಜುವುದು: ಪಟ್ಟಿಯನ್ನು ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ದುಂಡಗೆ ಉಜ್ಜಿ. ನಾರಿನ ಉದ್ದಕ್ಕೆ ಬಿಟ್ಟುಕೊಂಡು ಎಳೆಗಳಾಗುತ್ತದೆ. ಗಂಟುಗಳಿದ್ದರೆ ಬೆರಳಲ್ಲಿ ಬಿಡಿಸಿ. ಒಂದು ಗಂಟು ಉಳಿದರೂ ಬೆಂಕಿ ಅಲ್ಲಿ ಬಂದು ನಿಲ್ಲುತ್ತದೆ. ಒಣಗಿಸಿ, ರಿಬ್ಬನ್ನಿನಂತೆಯೇ ತುಂಬಿ. ಒದ್ದೆ ಫ್ಲೇಕನ್ನು ಉಜ್ಜಿದರೆ ಎಳೆಯಾಗುವ ಬದಲು ಮುದ್ದೆಯಾಗುತ್ತದೆ; ಹಾಗಾದರೆ ಹತ್ತು ನಿಮಿಷ ಹರಡಿಟ್ಟು ಮತ್ತೆ ಉಜ್ಜಿ.

ಅರ್ಧ ಉಜ್ಜುವುದು: ಪಟ್ಟಿ ಬಾಗಿ ಬಿರುಕು ಬಿಡುವ ತನಕ ಮಾತ್ರ ಉಜ್ಜಿ. ದಪ್ಪ ತುಣುಕು, ಎಳೆ, ಪುಡಿ ಮೂರೂ ಬೆರೆತಿರುತ್ತವೆ. ದಪ್ಪನೆಯದನ್ನು ತಳಕ್ಕೆ, ನಡುವಿನದನ್ನು ಮಧ್ಯಕ್ಕೆ, ಪುಡಿಯನ್ನು ಮೇಲಕ್ಕೆ ಹಾಕಿ. ಪುಡಿ ತಳಕ್ಕೆ ಹೋದರೆ ಗಾಳಿಯ ತೂತು ಕಟ್ಟಿಕೊಳ್ಳುತ್ತದೆ. ನಮ್ಮ ಮಟ್ಟಿಗೆ ಹೆಚ್ಚಿನವರಿಗೆ ಒಗ್ಗುವ ದಾರಿ ಇದೇ. ಬೇಗ ಹೊತ್ತುತ್ತದೆ, ನಡುವೆ ನಿಧಾನವಾಗುತ್ತದೆ.

ಮಡಚಿ ತುರುಕುವುದು:

1. ಒಂದು ಪಟ್ಟಿ ತೆಗೆದುಕೊಳ್ಳಿ, ಚಿಕ್ಕದಾದರೆ ಎರಡು. ಒಟ್ಟು ತೂಕ ಎರಡೂವರೆ ಗ್ರಾಂ ದಾಟದಿರಲಿ. ಇಡಿಯಾಗಿಯೇ ಒಣಗಿಸಿ, ಬಾಗಿಸಿದರೆ ಬಾಗಬೇಕು, ಬೆರಳಿಗೆ ಅಂಟಬಾರದು.
2. ಮೊದಲು ಉದ್ದಕ್ಕೆ ಮಡಚಿ ಕಿರಿದು ಮಾಡಿ, ಆಮೇಲೆ ಅಡ್ಡಕ್ಕೆ ಮಡಚಿ ಬಟ್ಟಲಿನ ಆಳಕ್ಕಿಂತ ತುಸು ಗಿಡ್ಡ ಮಾಡಿ.
3. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎರಡು ಮೂರು ಸುತ್ತು ಮೆಲ್ಲಗೆ ತಿರುವಿ. ಪದರಗಳು ಸಡಿಲಗೊಂಡು ನಡುವೆ ಗಾಳಿಗೆ ದಾರಿಯಾಗುತ್ತದೆ. ಬಹಳ ಜನ ಬಿಟ್ಟುಬಿಡುವ ಹಂತ ಇದೇ.
4. ನಾರು ನೆಟ್ಟಗೆ ನಿಲ್ಲುವಂತೆ ಬಟ್ಟಲಿಗೆ ಇಳಿಸಿ. ತಡೆಯಿಲ್ಲದೆ ಜಾರಬೇಕು. ತುರುಕಬೇಕಾಗಿ ಬಂದರೆ ಹೆಚ್ಚಾಗಿದೆ ಎಂದರ್ಥ, ಒಂದು ಅಂಚು ಹರಿದು ತೆಗೆಯಿರಿ.
5. ಮೇಲೆ ನಾಲ್ಕು ಮಿ.ಮೀ. ಜಾಗ ಬಿಡಿ. ಮಡಚಿದ ಫ್ಲೇಕ್ ಬಿಸಿಯಾದೊಡನೆ ಉಬ್ಬಿ ಮೇಲೇಳುತ್ತದೆ. ಡಬ್ಬಿಯ ತಳದ ಪುಡಿಯನ್ನು ಮೇಲೆ ಉದುರಿಸಿ, ಅದು ಬೆಂಕಿಗೆ ಮೆಟ್ಟಿಲು.

ಇನ್ನೊಂದು ದಾರಿ, ಫ್ಲೇಕನ್ನು ಕತ್ತರಿಯಿಂದ ಎರಡು ಮೂರು ಮಿ.ಮೀ. ಚೌಕ ಚೂರು ಮಾಡಿ ಕ್ಯೂಬಿನಂತೆ ಸುರಿಯುವುದು. ಉಜ್ಜಲು ಬೇಸರ, ಮಡಚಲು ಕೈ ಪಳಗಿಲ್ಲ ಎನ್ನುವವರಿಗೆ ಒಳ್ಳೆಯ ಉಪಾಯ. ಬಿಗಿಯಾಗುವ ಭಯವೇ ಇಲ್ಲ.

ಬಿಲ್ಲೆಗಳಿಗೆ ಎರಡು ಮೂರನ್ನು ಒಂದರ ಮೇಲೊಂದು ಇಟ್ಟು, ಮಡಚಿ ಇಳಿಸುವುದು ಒಂದು ಬಗೆ. ಬಿಲ್ಲೆಯ ವ್ಯಾಸ ಬಟ್ಟಲಿನದಕ್ಕೆ ಹತ್ತಿರವಿದ್ದರೆ ನಾಣ್ಯದಂತೆ ಮಟ್ಟಸವಾಗಿ ಪೇರಿಸುವ ಆಸೆ ಹುಟ್ಟುತ್ತದೆ. ನೋಡಲು ಚೆಂದ, ಗಾಳಿಗೆ ಮಾತ್ರ ಮುಚ್ಚಳ. ಉಜ್ಜುವುದೇ ಉತ್ತಮ, ಬಿಲ್ಲೆ ಫ್ಲೇಕಿಗಿಂತ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಕ್ರಂಬಲ್ ಕೇಕಿನಲ್ಲಿ ಬೇಕಾದಷ್ಟು ಮುರಿದು ಉದುರಿಸಿದರೆ ಮುಗಿಯಿತು.

ಪ್ಲಗ್ಗಿನಲ್ಲಿ ಚಾಕು ಮುಖ್ಯ. ಒಂದು ತುದಿಯಿಂದ ಒಂದೂವರೆ ಮಿ.ಮೀ. ದಪ್ಪಕ್ಕೆ ಒಂದೇ ಒತ್ತಿನಲ್ಲಿ ಇಳಿಸಿ ಕೊಯ್ಯಿರಿ, ಗರಗಸದಂತೆ ಆಡಿಸಿದರೆ ಪದರ ಕಿತ್ತು ಪುಡಿಯಾಗುತ್ತದೆ. ಕೊಯ್ದದ್ದು ಫ್ಲೇಕೇ, ಮುಂದಿನದು ಮೇಲಿನಂತೆ. ಅಂದಂದಿಗೆ ಬೇಕಾದಷ್ಟೇ ಕೊಯ್ದರೆ ಗಟ್ಟಿಯ ಒಳಗಿನ ಪರಿಮಳ ಹಾಗೇ ಉಳಿಯುತ್ತದೆ. ಪ್ಲಗ್ ಪ್ರಿಯರ ವಾದದ ಬಲವೇ ಅದು. ಹುರಿಯನ್ನು ಇನ್ನೂ ತೆಳುವಾಗಿ, ಒಂದು ಮಿ.ಮೀ. ಬಿಲ್ಲೆಯಾಗಿ ಕೊಯ್ದು, ಉಜ್ಜಿ, ಚೆನ್ನಾಗಿ ಒಣಗಿಸಿ, ಬಟ್ಟಲಿನ ಅರ್ಧಕ್ಕೆ ಮಾತ್ರ ತುಂಬಿ. ಅರ್ಧಕ್ಕೆ ನಿಲ್ಲಿಸಲು ಕಾರಣ ನಿಕೋಟಿನ್. ಖಾಲಿ ಹೊಟ್ಟೆಯಲ್ಲಿ ಹುರಿ ಸೇದಿದರೆ ಬೆವರು, ಬಿಕ್ಕಳಿಕೆ, ವಾಕರಿಕೆ, ತಲೆಸುತ್ತು ಹತ್ತಾರು ನಿಮಿಷದಲ್ಲೇ ಕಾಣಿಸಿಕೊಳ್ಳಬಹುದು. ಕಂಡೊಡನೆ ಪೈಪ್ ಕೆಳಗಿಡಿ. ಕಟ್ ಬದಲಾಯಿಸಿದರೆ ಬದಲಾಗುವುದು ಬೆಂಕಿಯ ವೇಗ. ತಂಬಾಕಿನ ಹಾನಿ ಹಾಗೇ ಇರುತ್ತದೆ: ಹೊಗೆ ಒಳಗೆಳೆಯದಿದ್ದರೂ ಪೈಪ್ ಬಾಯಿ, ಗಂಟಲುಗಳ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ, ನಿಕೋಟಿನ್ ಚಟ ಹಿಡಿಸುತ್ತದೆ. ನಿಧಾನವಾಗಿ ಉರಿಯುವ ಕಟ್ ಸುರಕ್ಷಿತ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೊತ್ತಿಸುವುದು, ಕಾಪಾಡುವುದು

ಮೊದಲ ಬೆಂಕಿ ಸೇದಲಿಕ್ಕಲ್ಲ. ಜ್ವಾಲೆಯನ್ನು ಮೇಲ್ಮೈಯ ಸುತ್ತ ಆಡಿಸುತ್ತ ನಾಲ್ಕೈದು ಸಣ್ಣ ಎಳೆತ ಎಳೆಯಿರಿ. ಮೇಲ್ಪದರ ಕಪ್ಪಾಗಿ ಉಬ್ಬಿ ಏಳುತ್ತದೆ. ಟ್ಯಾಂಪರಿನ ಭಾರದಷ್ಟೇ ಒತ್ತಿ ಮಟ್ಟ ಮಾಡಿ, ಮತ್ತೆ ಹೊತ್ತಿಸಿ. ರಿಬ್ಬನ್ನಿಗೆ ಇಷ್ಟು ಸಾಕು. ಮಡಚಿದ ಫ್ಲೇಕಿಗೂ ಕ್ಯೂಬಿಗೂ ಈ ಸುತ್ತು ಮೂರು ನಾಲ್ಕು ಸಲ ಆಗಬಹುದು. ಅದು ಸೋಲಲ್ಲ, ಆ ಕಟ್‌ಗಳ ಸ್ವಭಾವ.

ಆಮೇಲೆ ಆತುರ ಬೇಡ. ಬಟ್ಟಲನ್ನು ಕೆನ್ನೆಗೆ ತಾಗಿಸಿದರೆ ಬೆಚ್ಚಗಿರಬೇಕು, ಚುರುಗುಟ್ಟಬಾರದು. ಚುರುಗುಟ್ಟಿದರೆ ಕೆಳಗಿಡಿ, ಆರಿದರೆ ಆರಲಿ. ಮರಳಿ ಹೊತ್ತಿಸಿದ ಪೈಪಿಗಿಂತ ಕಾದ ಪೈಪ್ ರುಚಿಗೆಡಿಸುವುದು ಹೆಚ್ಚು.

ಸಣ್ಣ ಎಳೆ ಬೇಗ ಉರಿಯುತ್ತದೆ ಎಂಬ ನಿಯಮಕ್ಕೆ ಒಂದು ತಮಾಷೆಯ ಅಪವಾದವಿದೆ. ನಿಧಾನವಾಗಿ ಪೈಪ್ ಸೇದುವ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಪೈಪ್, 3 ಗ್ರಾಂ ತಂಬಾಕು, ಎರಡು ಬೆಂಕಿಕಡ್ಡಿ. ಹೊತ್ತಿಸಲು ಒಂದೇ ನಿಮಿಷ, ಆಮೇಲೆ ಆರದಂತೆ ಯಾರು ಹೆಚ್ಚು ಹೊತ್ತು ಎಳೆಯುತ್ತಾರೋ ಅವರು ಗೆದ್ದರು. ಪಳಗಿದ ಹಲವು ಸ್ಪರ್ಧಿಗಳು ತಂಬಾಕನ್ನು ಬೆರಳಲ್ಲಿ ಪುಡಿಪುಡಿ ಮಾಡಿಯೇ ತುಂಬುತ್ತಾರೆ. ಪುಡಿ ಒತ್ತೊತ್ತಾಗಿ ಕೂತು ಸಂದು ಇಲ್ಲವಾಗುತ್ತದೆ, ಕಿಡಿ ಒಂದು ಕಣದಿಂದ ಇನ್ನೊಂದಕ್ಕೆ ತೆವಳುತ್ತದೆ. ಅಂದರೆ ಎಳೆಯ ಅಗಲದಷ್ಟೇ ಸಂದಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಶ್ಯಾಗ್ ಬಿಸಿಯಾಗುತ್ತಿದ್ದರೆ ಇನ್ನೂ ಸ್ವಲ್ಪ ಬಿಗಿಯಾಗಿ ತುಂಬಿ ನೋಡಿ ಎಂದು ಮೇಲೆ ಹೇಳಿದ್ದು ಅದಕ್ಕೇ.

ಎಲ್ಲಿ ಕೆಡುತ್ತದೆ

ಪದೇ ಪದೇ ಆರಿದರೆ ಮೊದಲ ಅನುಮಾನ ತೇವದ ಮೇಲೆ, ಎರಡನೆಯದು ಬಿಗಿಯ ಮೇಲೆ. ಫ್ಲೇಕಿನಲ್ಲಿ ಮೂರನೆಯದೂ ಇದೆ: ಬಿಡಿಸದೆ ಉಳಿದ ಗಂಟು.

ಕೊಳವೆಯಲ್ಲಿ ಗುಳುಗುಳು ಸದ್ದು ಬಂದರೆ ಹಬೆ ತಣಿದು ನೀರಾಗಿ ನಿಂತಿದೆ. ಪೈಪ್ ಬಿಚ್ಚದೆಯೇ ಬಾಯಿಯ ಕಡೆಯಿಂದ ಕ್ಲೀನರನ್ನು ತಳದ ತನಕ ತೂರಿಸಿ, ಹತ್ತು ಎಣಿಸಿ, ತೆಗೆಯಿರಿ. ಬಿಸಿ ಪೈಪಿನ ಕೊಳವೆಯನ್ನು ತಿರುಚಿ ಬಿಚ್ಚಬೇಡಿ, ಕೀಲು ಸಡಿಲವಾಗುತ್ತದೆ ಇಲ್ಲವೇ ಮುರಿಯುತ್ತದೆ.

ನಡುವೆ ಸುರಂಗದಂತೆ ಉರಿದು ಸುತ್ತ ಹಸಿಯಾಗಿ ಉಳಿದರೆ ಹೊತ್ತಿಸುವಾಗ ಜ್ವಾಲೆ ಮಧ್ಯದಲ್ಲೇ ನಿಂತಿತ್ತು ಎಂದರ್ಥ. ಅಂಚಿನ ತಂಬಾಕನ್ನು ಟ್ಯಾಂಪರಿನಿಂದ ಒಳಕ್ಕೆ ಸರಿಸಿ ಮತ್ತೆ ಹೊತ್ತಿಸಿ. ಮಡಚಿದ ಫ್ಲೇಕ್ ನಡುವೆ ಉಬ್ಬಿ ಎಳೆತ ಬಿಗಿಯಾದರೆ ಚುಚ್ಚುಗಡ್ಡಿಯನ್ನು ನಟ್ಟನಡುವೆ ತಳದ ತನಕ ಒಮ್ಮೆ ಇಳಿಸಿ ತೆಗೆಯಿರಿ, ಕೆದಕಬೇಡಿ.

ನಾಲಿಗೆ ಉರಿಯುವುದಕ್ಕೆ ಹೆಚ್ಚಾಗಿ ಕಾರಣ ಹಬೆ ಮತ್ತು ವೇಗ. ಸಕ್ಕರೆ ತುಂಬಿದ ವರ್ಜೀನಿಯಾ, ಅದೂ ಒದ್ದೆ, ಅದೂ ಸಣ್ಣ ಎಳೆ ಆದರೆ ಮೂರೂ ಒಟ್ಟಿಗೆ ಬಂದಂತೆ. ಅಂಥವರು ಅದೇ ತಂಬಾಕನ್ನು ಫ್ಲೇಕ್ ರೂಪದಲ್ಲಿ ಕೊಂಡು ಅರ್ಧ ಉಜ್ಜಿ ನೋಡಬೇಕು. ಅದೂ ಆಗದಿದ್ದರೆ ಬರ್ಲಿಯ ಕ್ಯೂಬ್.

ಪೈಪಿಗೆ ತಕ್ಕ ಕಟ್

ಕಿರಿದಾದ ಬಟ್ಟಲಿನಲ್ಲಿ, ಅಂದರೆ 16–17 ಮಿ.ಮೀ. ವ್ಯಾಸದ್ದರಲ್ಲಿ, ದಪ್ಪ ತುಣುಕು ಸಿಕ್ಕಿಕೊಳ್ಳುತ್ತದೆ. ಉಜ್ಜಿದ ಫ್ಲೇಕ್ ಅಥವಾ ಸಣ್ಣ ಎಳೆ ಚೆನ್ನ. 22 ಮಿ.ಮೀ. ಅಗಲದ ಬಟ್ಟಲು ರಿಬ್ಬನ್ ಮಿಶ್ರಣಗಳಿಗೆ ಹೇಳಿ ಮಾಡಿಸಿದ್ದು, ಹಲವು ಬಗೆಯ ಎಲೆಗಳು ಒಟ್ಟಿಗೆ ಉರಿಯಲು ಅಲ್ಲಿ ಜಾಗವಿದೆ. ಆಳವಾಗಿ ಕಿರಿದಾದ ಬಟ್ಟಲು ಮಡಚಿದ ಫ್ಲೇಕಿನದು. ಹುರಿಗೆ ಚಿಕ್ಕ ಪೈಪ್, ತಪ್ಪಿಯೂ ಹೆಚ್ಚು ತುಂಬದಂತೆ.

ನಿಮ್ಮದು ಯಾವುದು: ಆರು ಬಟ್ಟಲಿನ ಪರೀಕ್ಷೆ

ಒಂದು ಡಬ್ಬಿ ಫ್ಲೇಕ್, ಒಂದೇ ಪೈಪ್, ಆರು ದಿನ. ದಿನಕ್ಕೆ ಒಂದೇ ಸಲ, ಒಂದೇ ಹೊತ್ತಿಗೆ, ಊಟವಾದ ಮೇಲೆ. ಎರಡು ಗ್ರಾಂ ತೂಗಿ, ಚಿಟಿಕೆ ಪರೀಕ್ಷೆಯಲ್ಲಿ ಒಂದೇ ಹದಕ್ಕೆ ಬರುವ ತನಕ ಒಣಗಿಸಿ. ಮೊದಲ ದಿನ ಪೂರ್ತಿ ಉಜ್ಜಿದ್ದು, ಎರಡನೆಯ ದಿನ ಅರ್ಧ ಉಜ್ಜಿದ್ದು, ಮೂರನೆಯ ದಿನ ಕತ್ತರಿಸಿದ ಚೂರು, ನಾಲ್ಕನೆಯ ದಿನ ಮಡಚಿದ್ದು. ಐದನೆಯ ಮತ್ತು ಆರನೆಯ ದಿನ ಅವುಗಳಲ್ಲಿ ಮೇಲೆನಿಸಿದ ಎರಡನ್ನೇ ಮತ್ತೆ.

ಪ್ರತಿ ಸಲ ನಾಲ್ಕು ಬರೆದಿಟ್ಟುಕೊಳ್ಳಿ: ಎಷ್ಟು ಕಡ್ಡಿ ಬೇಕಾಯಿತು, ಎಷ್ಟು ನಿಮಿಷ ನಡೆಯಿತು, ನಾಲಿಗೆ ಹೇಗಿತ್ತು, ತಳದಲ್ಲಿ ಉಳಿದದ್ದೇನು. ತಳದಲ್ಲಿ ಬಿಳಿ ಬೂದಿ ಇದ್ದರೆ ತುಂಬಿದ್ದು ಸರಿ; ಒದ್ದೆ ಕಪ್ಪು ಮುದ್ದೆ ಉಳಿದಿದ್ದರೆ ಆ ದಿನದ ಅಂಕ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಮಾಡಿ. ಮಡಚಿದ್ದು ಮೊದಲ ಸಲಕ್ಕೇ ಕೈಗೆ ಬರುವುದು ಅಪರೂಪ. ಅದನ್ನು ತಳ್ಳಿಹಾಕುವ ಮುಂಚೆ ಇನ್ನೆರಡು ಅವಕಾಶ ಕೊಡುವುದು ನ್ಯಾಯ.

ಪೂರ್ತಿ ಉಜ್ಜಿದ್ದೇ ಹಿಡಿಸಿತು ಎಂದಾದರೆ ಇನ್ನು ಮುಂದೆ ರೆಡಿ ರಬ್ಡ್ ಅಥವಾ ರಿಬ್ಬನ್ ಕೊಳ್ಳಿ, ಉಜ್ಜುವ ಶ್ರಮ ಉಳಿಯಿತು. ಮಡಚಿದ್ದು ಹಿಡಿಸಿದರೆ ಪ್ಲಗ್ ನೋಡಬಹುದು. ಚೂರು ಹಿಡಿಸಿದವರಿಗೆ ಬರ್ಲಿ ಕ್ಯೂಬ್ ಕಾದಿದೆ.

ಇಡುವ ಬಗೆ

ತೆರೆದ ಡಬ್ಬಿಯಲ್ಲಿ ಶ್ಯಾಗ್ ಕೆಲವೇ ದಿನದಲ್ಲಿ ಒಣಗುತ್ತದೆ, ಪ್ಲಗ್ ವಾರಗಟ್ಟಲೆ ತಡೆಯುತ್ತದೆ. ಯಾವುದೇ ಆದರೂ ರಬ್ಬರ್ ಅಂಚಿನ ಮುಚ್ಚಳದ ಗಾಜಿನ ಜಾಡಿಗೆ ಹಾಕಿ, ದಿನಾಂಕ ಬರೆದ ಚೀಟಿ ಅಂಟಿಸಿ, ಕತ್ತಲಲ್ಲಿ ಇಡಿ. ವರ್ಜೀನಿಯಾ ಫ್ಲೇಕ್ ವರ್ಷಗಳು ಕಳೆದಂತೆ ಮಾಗುತ್ತದೆ. ಪರಿಮಳ ಸೇರಿಸಿದ್ದನ್ನು ಕೂಡಿಡುವುದರಿಂದ ಲಾಭವಿಲ್ಲ, ಬೇಗ ಮುಗಿಸಿ. ಹಳೆಯ ಫ್ಲೇಕಿನ ಮೇಲೆ ಬಿಳಿ ಚುಕ್ಕೆ ಕಂಡೊಡನೆ ಎಸೆಯಬೇಡಿ. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಮಿನುಗಿದರೆ ಹರಳು, ಸೇದಬಹುದು. ಹತ್ತಿಯ ನಾರಿನಂತೆ ಎದ್ದು ನಿಂತಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು: ಆ ಪಟ್ಟಿಯನ್ನಷ್ಟೇ ಅಲ್ಲ, ಇಡೀ ಜಾಡಿಯ ತಂಬಾಕನ್ನು ಚೆಲ್ಲಿ, ಜಾಡಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಮತ್ತೆ ಬಳಸಿ.